ತುಂಬಿದ ಬ್ಯಾಟರಿ, ಇಳಿಜಾರು ದಾರಿ

ಸಂಜೆ ಆರು ಗಂಟೆ ನಲವತ್ತು ನಿಮಿಷ. ಕಾರಿನ ಪರದೆಯ ಮೂಲೆಯಲ್ಲಿದ್ದ ಗಡಿಯಾರ ಹಾಗೆಂದಿತು. ನಾರಾವಿಯಿಂದ ಒಳಗೆ, ಗುಡ್ಡದ ಮೇಲಿನ ಕೃಷಿಕರೊಬ್ಬರ ಮನೆಯಂಗಳದಲ್ಲಿ, ಇನ್ನೊಬ್ಬರ ಎಲೆಕ್ಟ್ರಿಕ್ ಕಾರಿನೊಳಗೆ ಕೂತು, ಪರದೆಯ ಮೇಲಿದ್ದ ಒಂದು ಗೆರೆಯನ್ನು ನಾನು ಬೆರಳಿನಿಂದ ಎಂಬತ್ತರಿಂದ ನೂರಕ್ಕೆ ಸರಿಸಿದೆ. ಮರುದಿನ ಬೆಳಿಗ್ಗೆ ಒಂಬತ್ತು ಹನ್ನೆರಡಕ್ಕೆ ಆದದ್ದನ್ನು ನಾಲ್ಕು ಜನ ಕಣ್ಣಾರೆ ಕಂಡರು. ಆರು ನಲವತ್ತರದ್ದು ಮಾತ್ರ ನನಗೂ ಆ ಮನೆಯ ಯಜಮಾನರಿಗೂ ಗೊತ್ತು. ಅದರ ಅರ್ಥ ಯಜಮಾನರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು.

ನಾನು ವಾರಪತ್ರಿಕೆಯೊಂದರ ವಾಹನ ಪುಟಕ್ಕೆ ಬರೆಯುತ್ತೇನೆ. ಓದಿದ್ದು ಭೌತಶಾಸ್ತ್ರ, ಮನೆ ಮೂಡುಬಿದಿರೆಯಲ್ಲಿ. ಕಂಪನಿಗಳು ಪರೀಕ್ಷೆಗೆಂದು ಕೊಡುವ ಕಾರುಗಳು ದೊಡ್ಡ ಪತ್ರಿಕೆಗಳ ಪಾಲಾಗುತ್ತವೆ. ನಮ್ಮ ಪುಟಕ್ಕೆ ನಾನು ಕಾರು ಕೊಂಡವರನ್ನೇ ಹುಡುಕಿ, ಅವರ ಗಾಡಿಯಲ್ಲಿ ಎರಡು ಮೂರು ದಿನ ಓಡಾಡಿ ಬರೆಯುವುದು ರೂಢಿ. ಈ ಸಲ ಸಿಕ್ಕಿದವರು ಸಿದ್ಧಕಟ್ಟೆ ಕಡೆಯ ಹಾಜಿಯವರು. ಅರುವತ್ತೆರಡರ ಪ್ರಾಯ. ಇಪ್ಪತ್ತೆಂಟು ವರ್ಷ ಗಲ್ಫಿನ ಒಂದು ಮನೆಯಲ್ಲಿ ಡ್ರೈವರಾಗಿದ್ದವರು. ಆ ಮನೆಯ ಗಂಡುಮಕ್ಕಳ ಸ್ಪೋರ್ಟ್ಸ್ ಕಾರುಗಳನ್ನು ತೊಳೆದು ಒರೆಸಿ ಬಾಗಿಲಿಗೆ ತಂದು ನಿಲ್ಲಿಸುವುದು ಅವರ ಕೆಲಸ. ಓಡಿಸಿದ್ದೆಲ್ಲ ಮನೆಯವರನ್ನು ಕೂರಿಸಿಕೊಂಡು ಹೋಗುವ ದೊಡ್ಡ ವ್ಯಾನು.

"ಒಂದು ಗೀಟು ಬೀಳ್ಲಿಲ್ಲ ಮೇಡಂ," ಎಂದು ಮೊದಲ ದಿನವೇ ಹೇಳಿದ್ದರು. "ಆಕ್ಸಿಡೆಂಟ್ ಬಿಡಿ. ಗೀಟು. ಬರುವಾಗ ಅವರ ಯಜಮಾನ ನನಗೆ ವಾಚು ಕೊಟ್ಟದ್ದು ಅದಕ್ಕೇ."

ಊರಿಗೆ ಬಂದು ಎರಡು ವರ್ಷಕ್ಕೆ ಅವರು ತೆಗೆದುಕೊಂಡದ್ದು ನೆಲಕ್ಕೆ ಹತ್ತಿರವಿರುವ, ಅಗಲ ಟಯರಿನ, ಕಡು ನೀಲಿಯ ಈ ಸ್ಪೋರ್ಟಿ ಕಾರು. ಮನೆಯಲ್ಲಿ ಬೈದರಂತೆ. ಶುಕ್ರವಾರ ಮಸೀದಿಯಲ್ಲಿ ಜುಮಾ ಮುಗಿಸಿ ಹೊರಬಂದಾಗ ಗೆಳೆಯರು ಕಾರಿನ ಸುತ್ತ ನಿಂತು, "ಇದಕ್ಕೆ ಹತ್ತಲಿಕ್ಕುಂಟಾ, ಇಳೀಲಿಕ್ಕುಂಟಾ?" ಎಂದು ಕೇಳುತ್ತಿದ್ದರಂತೆ. ಅವರ ಮೊಣಕಾಲಿಗೆ ಆ ಸೀಟು ನಿಜಕ್ಕೂ ತಗ್ಗು. ಆದರೂ ಕೂತ ಮೇಲೆ ಅವರ ಬೆನ್ನು ನೆಟ್ಟಗಾಗುವುದನ್ನು ನಾನು ಮೂರು ದಿನ ನೋಡಿದೆ.

ಮೊದಲ ದಿನ ವಿಟ್ಲದಿಂದ ಬಿ.ಸಿ. ರೋಡಿಗೆ. ಟಿಪ್ಪಣಿ ಪುಸ್ತಕದಲ್ಲಿ ನಾನು ಬರೆದುಕೊಂಡದ್ದು ಈಗಲೂ ಇದೆ: 'ಕಾಲಿಟ್ಟ ಕ್ಷಣಕ್ಕೇ ಹೊರಡುತ್ತದೆ. ಗೇರು ಬದಲಾಯಿಸುವ ಬಿಡುವಿಲ್ಲ, ಎಂಜಿನಿನ ಉಸಿರಿಲ್ಲ. ಪುತ್ತೂರಿನ ಬಸ್ಸನ್ನು ದಾಟುವಾಗ ಎದೆ ಹಿಂದೆ ಉಳಿದು ಗಾಡಿ ಮುಂದೆ ಹೋದ ಹಾಗಾಯಿತು. ಸ್ಟಿಯರಿಂಗ್ ಭಾರ, ಆದರೆ ನಂಬಬಹುದು. ತಿರುವಿನಲ್ಲಿ ಮೈ ವಾಲುವುದಿಲ್ಲ, ಬ್ಯಾಟರಿಯ ತೂಕವೆಲ್ಲ ಕಾಲಡಿಯಲ್ಲಿದೆ. ಶಾಲೆಯ ಮುಂದಿನ ಹಂಪಿನಲ್ಲಿ ಹೊಟ್ಟೆ ಉಜ್ಜಿತು. ಟಯರಿನ ಸದ್ದು ಹೆಚ್ಚು. ಬೇರೆ ಸದ್ದೇ ಇಲ್ಲದ್ದರಿಂದ ಹಾಗೆ ಕೇಳುತ್ತದೋ ಏನೋ.'

ಎರಡನೆಯ ದಿನ ಸಿದ್ಧಕಟ್ಟೆಯಿಂದ ಮೂಡುಬಿದಿರೆ, ಅಲ್ಲಿಂದ ನಾರಾವಿ. ಆ ದಿನ ನನ್ನನ್ನು ಹಿಡಿದದ್ದು ಒಂದೇ ಪೆಡಲಿನ ಚಾಲನೆ. ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಓಡಿಸುತ್ತಿದ್ದ ಮೋಟಾರೇ ಜನರೇಟರಾಗುತ್ತದೆ. ಚಕ್ರದ ಓಟದಿಂದ ವಿದ್ಯುತ್ತು ಮಾಡಿ ಬ್ಯಾಟರಿಗೆ ಕಳಿಸುತ್ತದೆ. ಆ ಎಳೆತಕ್ಕೆ ಗಾಡಿ ತಾನಾಗಿ ನಿಧಾನವಾಗಿ, ನಿಂತೇ ಬಿಡುತ್ತದೆ. ಇಪ್ಪತ್ತು ಕಿಲೋಮೀಟರು ಹೋಗುವಷ್ಟರಲ್ಲಿ ಅಭ್ಯಾಸವಾಯಿತು. ಹಾಜಿಯವರು ಮಾತ್ರ ತಾವು ಓಡಿಸುವಾಗ ಇಳಿಜಾರು ಬಂದಾಗೆಲ್ಲ ಬಲಗಾಲನ್ನು ಬ್ರೇಕಿನ ಮೇಲೆ ಮೆಲ್ಲಗೆ ಇಟ್ಟುಕೊಳ್ಳುತ್ತಿದ್ದರು.

"ಬೇಡ ಹಾಜಿಯವರೇ, ಅದೇ ಹಿಡಿಯುತ್ತದೆ," ಎಂದೆ.

"ಹಿಡೀತದೆ. ಗೊತ್ತುಂಟು. ಇದು ಹಳೇ ಕಾಲು, ಅದಕ್ಕೆ ಗೊತ್ತಿಲ್ಲ."

ಸಂಜೆಯೊಳಗೆ ನಾನು ಒತ್ತಾಯಿಸಿ ಒತ್ತಾಯಿಸಿ ಅವರ ಕಾಲನ್ನು ಬ್ರೇಕಿನಿಂದ ಬಿಡಿಸಿದೆ. ಲೇಖನದ ಆರಂಭದ ಸಾಲು ಆಗಲೇ ಬರೆದಾಗಿತ್ತು: 'ಎರಡು ದಿನ ಓಡಿಸಿದರೆ ಬ್ರೇಕ್ ಎನ್ನುವುದೊಂದು ಇದೆಯೆಂಬುದೇ ಕಾಲಿಗೆ ಮರೆತುಹೋಗುತ್ತದೆ.' ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದೆ. ಚೆನ್ನಾಗಿದೆ ಎಂದು.

ಗುಡ್ಡದ ಮೇಲಿನ ಮನೆಯ ಯಜಮಾನರು ಹಾಜಿಯವರ ಹಳೆಯ ಸ್ನೇಹಿತರು, ರಬ್ಬರ್ ಬೆಳೆಯುವವರು. ರಾತ್ರಿ ಕಾರನ್ನೂ ಹಾಜಿಯವರನ್ನೂ ಅಲ್ಲಿ ಬಿಟ್ಟು, ನಾನು ನಮ್ಮ ಪತ್ರಿಕೆಯ ಫೋಟೋಗ್ರಾಫರನ ಬೈಕಿನಲ್ಲಿ ಮನೆಗೆ ಹೋಗಿ ಬೆಳಿಗ್ಗೆ ಬರುವುದೆಂದು ಮಾತಾಗಿತ್ತು. ರಬ್ಬರ್ ಶೀಟ್ ಒತ್ತುವ ಮೆಷಿನಿನ ಶೆಡ್ಡಿನಲ್ಲಿ ಹದಿನೈದು ಆಂಪಿನ ಪ್ಲಗ್ ಇತ್ತು. ಕಾರಿನ ವಯರನ್ನು ಅದಕ್ಕೆ ಚುಚ್ಚಿದೆವು. ಹಾಜಿಯವರು ಮಗ್ರಿಬ್ ನಮಾಜಿಗೆಂದು ಜಗಲಿಯ ಮೂಲೆಗೆ ಹೋದರು. ನಾನು ಒಳಗೆ ಕೂತು ಅಂಕಿಗಳನ್ನು ಬರೆದುಕೊಳ್ಳುತ್ತಿದ್ದೆ. ಯಜಮಾನರು ಕಿಟಕಿಯಿಂದ ಬಗ್ಗಿ ನೋಡಿದರು.

"ಇದೆಂತ ಮಾರಾಯ್ರೆ, ಎಂಬತ್ತಕ್ಕೆ ನಿಲ್ತದೆ ಅಂತ ತೋರಿಸ್ತಾ ಉಂಟು? ನಮ್ಮ ಕರೆಂಟು ಸಾಲುದಿಲ್ವಾ?"

"ಸಾಲುತ್ತದೆ. ಹಾಜಿಯವರು ಹಾಗೆ ಇಟ್ಟದ್ದು. ಬ್ಯಾಟರಿ ಬಾಳಿಕೆ ಬರುತ್ತದಂತೆ."

"ಬಾಳಿಕೆ ಬರ್ಲಿ. ಆದ್ರೆ ನಮ್ಮಲ್ಲಿಗೆ ಬಂದ ಗಾಡಿ ಕಮ್ಮಿ ಹೊಟ್ಟೆಯಲ್ಲಿ ಹೋಗ್ಲಿಕ್ಕುಂಟಾ? ಕರೆಂಟಿನಲ್ಲೂ ಪಿಟ್ಟಾಸಿ, ಜಿಪುಣತನ ಮಾಡಿದ ಅಂತ ಬ್ಯಾರಿಗಳು ಸಿದ್ಧಕಟ್ಟೆ ಇಡೀ ಹೇಳಿಯಾರು."

ನಗುತ್ತಲೇ ಹೇಳಿದರು, ಆದರೆ ನಗುವಿನ ಹಿಂದೆ ನಿಜವಾದ ಮುಜುಗರವಿತ್ತು. ನಮ್ಮ ಕಡೆ ಎರವಲು ತಂದ ಪಾತ್ರೆಯನ್ನು ಬರಿದಾಗಿ ಮರಳಿಸುವುದಿಲ್ಲ, ಒಂದು ಹಿಡಿ ಅಕ್ಕಿಯಾದರೂ ಹಾಕುತ್ತಾರೆ. ಕೇಳಿ ತಂದ ಜೀಪನ್ನು ಡೀಸೆಲ್ ತುಂಬಿಸಿಯೇ ಕೊಡುತ್ತಾರೆ. ಮನೆಗೆ ಬಂದ ಗಾಡಿಗೆ ಎಂಬತ್ತು ಕೊಟ್ಟು ಕಳಿಸುವುದೆಂದರೆ ಎಲೆಯ ಮೇಲೆ ಅನ್ನ ಅರ್ಧ ಬಡಿಸಿದ ಹಾಗೆ. ಅವರು ಹಾಗೆ ಕಿಟಕಿಯಲ್ಲಿ ಕಾಯುತ್ತಿದ್ದಾಗ ನಾನು ಬೆರಳಿಟ್ಟು ಗೆರೆಯನ್ನು ಸರಿಸಿದೆ. ಕಾರು ಹಾಜಿಯವರದ್ದು, ಅವರು ಹತ್ತು ಹೆಜ್ಜೆ ದೂರದಲ್ಲಿದ್ದರು. ನಮಾಜು ಮುಗಿಯುವವರೆಗೆ ಕಾದು ಒಂದು ಮಾತು ಕೇಳಬಹುದಿತ್ತು. ಇನ್ನೊಂದು ಕೆಲಸವನ್ನೂ ಮಾಡಿದೆ. ನನ್ನ ಟಿಪ್ಪಣಿಗೆ ಅನುಕೂಲವಾಗಲೆಂದು, ಶೇಕಡಾ ಎಷ್ಟು ಎಂದು ತೋರಿಸುವ ಬದಲು ಎಷ್ಟು ಕಿಲೋಮೀಟರು ಓಡಬಹುದು ಎಂದು ತೋರಿಸುವ ಹಾಗೆ ಪರದೆಯನ್ನು ಬದಲಿಸಿಟ್ಟೆ. ಬೆಳಿಗ್ಗೆ ಹಾಜಿಯವರು ನೂರು ಎಂಬ ಅಂಕಿಯನ್ನು ನೋಡಲೇ ಇಲ್ಲ.

ಬೆಳಿಗ್ಗೆ ಮಂಜು ಸರಿದು ಬಿಸಿಲು ಬಿದ್ದಿತ್ತು. ರಬ್ಬರ್ ಮರಗಳು ಎಲೆ ಉದುರಿಸುವ ಕಾಲ. ಮನೆಯಿಂದ ಡಾಮಾರು ರಸ್ತೆಗೆ ಇಳಿಯುವ ಕಿರಿದಾದ ಕಾಂಕ್ರೀಟು ದಾರಿಯ ತುಂಬ ಕಂದು ಎಲೆ. ದಾರಿ ಐದು ಲೈಟು ಕಂಬಗಳಷ್ಟು ಉದ್ದ. ಕೊನೆಯ ಎರಡು ಕಂಬಗಳ ನಡುವೆ ತಿರುವು. ಕಾರು ಇಳಿದು ಬರುವ ಚಿತ್ರಕ್ಕೆಂದು ಫೋಟೋಗ್ರಾಫರ್ ತಿರುವಿನ ಆಚೆ ಕ್ಯಾಮೆರಾ ಹಿಡಿದು ನಿಂತಿದ್ದ. ಕೆಳಗಿನಿಂದ ಯಾವ ವಾಹನವೂ ಮೇಲೆ ಬರದ ಹಾಗೆ ನೋಡಿಕೊಳ್ಳುವುದು ಅವನ ಜವಾಬ್ದಾರಿ. ವಾಹನ ಎಂದಿದ್ದೆ. ನಡೆದು ಬರುವವರ ಬಗ್ಗೆ ನಾನೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ನಾನು ಎಡಗಡೆ ಸೀಟಿನಲ್ಲಿ ಕೂತು ಫೋನಿನಲ್ಲಿ ಧ್ವನಿ ದಾಖಲಿಸುತ್ತಿದ್ದೆ. ಆ ದಾಖಲೆ ನಲವತ್ತೊಂದು ಸೆಕೆಂಡು ಇದೆ. ಎಷ್ಟು ಸಲ ಕೇಳಿದ್ದೇನೆಂದು ಲೆಕ್ಕವಿಲ್ಲ. ಮೊದಲು ನನ್ನ ದನಿ: "ಒಂಬತ್ತು ಹನ್ನೆರಡು. ಇಳಿಜಾರು, ಬ್ರೇಕ್ ಇಲ್ಲದೆ. ಪರದೆಯಲ್ಲಿ ಬೂದು ಬಣ್ಣದ ಸಣ್ಣ ಗುರುತು, ಏನೆಂದು ನೋಡಬೇಕು." ಆಮೇಲೆ ಹಾಜಿಯವರಿಗೆ: "ಮೊದಲ ಕಂಬದ ಹತ್ತಿರ ಕಾಲು ಪೂರ್ತಿ ತೆಗೆಯಿರಿ. ಬ್ರೇಕ್ ಮುಟ್ಟಬೇಡಿ, ಅದೇ ಹಿಡಿಯುತ್ತದೆ." ಅವರ ದನಿ: "ಬಿಸ್ಮಿಲ್ಲಾಹ್." ಆಮೇಲೆ ಟಯರಿನಡಿ ಎಲೆ ಸರಿಯುವ ಸದ್ದು. ಹನ್ನೊಂದು ಸೆಕೆಂಡು ಬರೀ ಎಲೆಯ ಸದ್ದು. ಅದು ಹೆಚ್ಚುತ್ತ ಹೋಗುತ್ತದೆ. ಆಗ ಹಾಜಿಯವರು, ನಿಧಾನವಾಗಿ, ಯಾರನ್ನೋ ವಿಚಾರಿಸುವ ಹಾಗೆ: "ಹಿಡೀತಾ ಇಲ್ವಲ್ಲ?"

ನಾನು ಏನಂದೆ ಗೊತ್ತೇ? "ಹಿಡಿಯುತ್ತದೆ, ಇರಿ."

ಆ 'ಇರಿ'ಗೆ ಒಂದೂವರೆ ಸೆಕೆಂಡು ಹೋಯಿತು. ಮೂರನೆಯ ಕಂಬ ದಾಟುವಾಗ ಪರದೆ ಮೂವತ್ತೆಂಟು ಕಿಲೋಮೀಟರ್ ವೇಗ ತೋರಿಸುತ್ತಿತ್ತು. ಹಿಂದಿನ ದಿನ ಇಂಥದೇ ಇಳಿಜಾರಿನಲ್ಲಿ ಆರೇಳಕ್ಕೆ ಇಳಿದಿರುತ್ತಿತ್ತು. ತಿರುವಿನಲ್ಲಿ, ಬದಿಯ ತೋಟದ ಕಾಲುದಾರಿಯಿಂದ ಬಂದ ಒಬ್ಬ ಹೆಂಗಸು. ತಲೆಯ ಮೇಲೆ ಬಿಸಿಲಿಗೆ ಮಡಚಿಟ್ಟ ಟವೆಲು, ಬಗಲಲ್ಲಿ ಬೀಡಿಯ ಚೀಲ. ನಮಗೆ ಬೆನ್ನು ಹಾಕಿ, ದಾರಿಯ ನಡುವೆ ನಡೆಯುತ್ತಿದ್ದರು. ಸದ್ದಿಲ್ಲದ ಗಾಡಿ, ಅವರು ತಿರುಗಲಿಲ್ಲ. ಹಾಜಿಯವರ ಕಾಲು ಬ್ರೇಕಿಗೆ ಬಿತ್ತು. ಎಲೆಗಳ ಮೇಲೆ ಕಾರು ನಡುಗುತ್ತ ಜಾರಿತು. ಬ್ರೇಕ್ ಚಕ್ರವನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುವ ಕಟಕಟ ಸದ್ದು ದಾಖಲೆಯಲ್ಲಿ ಸ್ಪಷ್ಟವಾಗಿದೆ. ಅದಕ್ಕೇ ಆಕೆ ತಿರುಗಿದ್ದು. ತಿರುಗಿ, ಬದಿಯ ಚರಂಡಿಗೆ ಹಾರಿದರು.

ಅವರು ನಿಂತಿದ್ದ ಜಾಗದ ಮೇಲೆ ಕಾರಿನ ಮೂತಿ ನಿಂತಿತ್ತು. ಇದನ್ನು ಹೇಗೆ ಬರೆದರೂ ಸರಿಯಾಗುವುದಿಲ್ಲ. ಕಾರಿನಿಂದ ಇಳಿದು ನೋಡಿದೆ, ಅವರ ಒಂದು ಚಪ್ಪಲಿ ಮುಂದಿನ ಚಕ್ರದ ಅಡಿಯಲ್ಲಿತ್ತು.

ಚರಂಡಿಯಲ್ಲಿ ನೀರಿರಲಿಲ್ಲ, ಕಲ್ಲಿತ್ತು. ಆಕೆ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ಕೂತಿದ್ದರು. ಬೀಡಿಯ ಕಟ್ಟುಗಳು ಎಲೆಯ ಮಧ್ಯೆ ಚೆಲ್ಲಿದ್ದವು. ನಾನು ಏನೋ ಕೇಳಿದೆ. ಆಕೆ ನನ್ನನ್ನು ನೋಡಲಿಲ್ಲ, ಕಾರನ್ನು ನೋಡಿದರು.

"ದನಕ್ಕಾದ್ರೂ ಕೊರಳಿಗೆ ಗಂಟೆ ಕಟ್ತೇವೆ," ಎಂದರು. "ಇದಕ್ಕೆ ಅದೂ ಇಲ್ವಾ?"

ಫೋಟೋಗ್ರಾಫರ್ ಓಡಿ ಬಂದಿದ್ದ. ಸುಮ್ಮನೆ ಬೀಡಿಯ ಕಟ್ಟುಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. ಅವನು ಕ್ಯಾಮೆರಾದ ಗುಂಡಿ ಒತ್ತಿದ್ದ. ಆ ಚಿತ್ರವನ್ನು ಆಮೇಲೆ ಒಮ್ಮೆ ನನಗೆ ತೋರಿಸಿ, ಇನ್ನು ಯಾರಿಗೂ ತೋರಿಸುವುದಿಲ್ಲ ಎಂದ.

ಹಾಜಿಯವರು ಇಳಿದು ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ಬಲಗಾಲಿನ ಚಪ್ಪಲಿ ತೆಗೆದು ಪಾದವನ್ನೇ ನೋಡುತ್ತಿದ್ದರು.

"ಕಾಲು ತಪ್ಪಿತು ಮೇಡಂ," ಎಂದರು. "ನಾನು ತೆಗೆದೆ ಅಂತ ನನಗೆ ಅನಿಸಿತು. ತೆಗೀಲಿಲ್ಲ. ಆಕ್ಸಿಲರೇಟರ್ ಮೇಲೆಯೇ ಇತ್ತು ಕಾಣ್ತದೆ. ಇಲ್ಲದಿದ್ರೆ ಹಾಗೆ ಓಡ್ಲಿಕ್ಕೆ ಹೇಗೆ?"

ಕಾಲು ಪೂರ್ತಿ ಎತ್ತಿದ್ದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೆ. ಆದರೂ ಬಾಯಿ ತೆರೆಯಲಿಲ್ಲ. ಬೂದು ಬಣ್ಣದ ಗುರುತು ಕಣ್ಣ ಮುಂದೆ ಇತ್ತು.

ನಾರಾವಿಯ ಡಾಕ್ಟರಲ್ಲಿಗೆ ಹೋದೆವು. ಕಾರು ಓಡಿಸಿದ್ದು ಫೋಟೋಗ್ರಾಫರ್. ಹಾಜಿಯವರು ಕೀಲಿಯನ್ನು ಅವನ ಕೈಯಲ್ಲಿಟ್ಟು ಹಿಂದಿನ ಸೀಟಿನಲ್ಲಿ ಆಕೆಯ ಪಕ್ಕ ಕೂತರು. ಎಲುಬು ಮುರಿದಿರಲಿಲ್ಲ. ಎರಡು ವಾರ ಬ್ಯಾಂಡೇಜು, ಕೈಗೆ ಕೆಲಸ ಕೊಡಬಾರದು ಎಂದರು ಡಾಕ್ಟರು. ಬೀಡಿ ಕಟ್ಟುವ ಕೈ ಅದು. ಪೊಲೀಸರಿಗೆ ಹೇಳಬೇಕೇ ಎಂದು, ಸುದ್ದಿ ತಿಳಿದು ಅಲ್ಲಿಗೆ ಬಂದ ಗುಡ್ಡದ ಮನೆಯ ಯಜಮಾನರು ಕೇಳಿದಾಗ ಆಕೆ ಬೇಡವೆಂದರು. "ನನಗೆ ಸ್ಟೇಷನಿಗೆ ಹೋಗ್ಲಿಕ್ಕೆ ಪುರುಸೊತ್ತಿಲ್ಲ. ಆ ಗಾಡಿ ಮೊದಲು ಹಾರ್ನ್ ಹಾಕ್ಲಿಕ್ಕೆ ಕಲೀಲಿ."

ಮನೆಗೆ ಬಂದು ಕಾರಿನ ಕೈಪಿಡಿಯನ್ನು ತೆರೆಯಲು ನನಗೆ ಒಂದು ದಿನ ಬೇಕಾಯಿತು. ಹಾಜಿಯವರು ಓದಲು ಕೊಟ್ಟದ್ದು ನನ್ನಲ್ಲೇ ಇತ್ತು. ಬ್ಯಾಟರಿ ಪೂರ್ತಿ ತುಂಬಿರುವಾಗ ಮೋಟಾರಿನ ಹಿಡಿತ ಕಡಿಮೆಯಿರುತ್ತದೆ ಅಥವಾ ಇರುವುದೇ ಇಲ್ಲ, ಆಗ ಬೂದು ಬಣ್ಣದ ಗುರುತು ಕಾಣುತ್ತದೆ, ಬ್ರೇಕ್ ಬಳಸಿ, ಎಂದಿತ್ತು. ಸರಳ ಸಂಗತಿ. ತುಂಬಿದ ಕೊಡ ಮತ್ತೆ ನೀರು ಹಿಡಿಯುವುದಿಲ್ಲ. ವಿದ್ಯುತ್ತಿಗೆ ಹೋಗಲು ಜಾಗವಿಲ್ಲದಿದ್ದರೆ ಎಳೆತವೂ ಇಲ್ಲ. ಗುಡ್ಡದ ತುದಿಯಲ್ಲಿ ನೂರು ತುಂಬಿಸಿ ಇಳಿಜಾರಿಗೆ ಬಿಟ್ಟರೆ ಆಗಬೇಕಾದದ್ದೇ ಆಗಿತ್ತು. ಆ ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಇತ್ತು. ನನ್ನದೇ ಗೆರೆ. ಕೆಲಸ ಶುರುವಾಗುವ ಮೊದಲು, ಓದುವಾಗ, ನಾನೇ ಎಳೆದದ್ದು.

ಅಂದಿನಿಂದ ಪ್ರತಿದಿನ ಮೂರೂವರೆಗೆ ಎಚ್ಚರವಾಗತೊಡಗಿತು. ಎಚ್ಚರವಾದಾಗೆಲ್ಲ ಬಲಗಾಲು ಹಾಸಿಗೆಯ ತುದಿಯನ್ನು ಒತ್ತುತ್ತಿರುತ್ತಿತ್ತು. ಹಗಲಲ್ಲಿ ಬಸ್ಸು ಇಳಿಜಾರು ಇಳಿಯುವಾಗಲೂ ಹಾಗೆಯೇ. ಎದ್ದು ದಾಖಲೆ ಕೇಳುತ್ತಿದ್ದೆ. 'ಇರಿ' ಎನ್ನುವಲ್ಲಿ ನಿಲ್ಲಿಸುತ್ತಿದ್ದೆ. ನಿಲ್ಲಿಸಿದರೆ ಕಾರು ಅಲ್ಲೇ ನಿಲ್ಲುತ್ತದೆ ಎಂಬ ಹಾಗೆ. ಹೇಳಬೇಕು ಎಂದುಕೊಳ್ಳುತ್ತಿದ್ದೆ. ಬೆಳಗಾದರೆ ನೂರು ಕಾರಣ ಸಿಗುತ್ತಿತ್ತು. ಆಕೆಯ ಕೈ ಗುಣವಾಗುತ್ತಿದೆ. ಹಾಜಿಯವರು ಮರೆಯುತ್ತಾರೆ. ಹೇಳಿದರೆ ಇನ್ನು ಯಾರು ನನಗೆ ಗಾಡಿ ಕೊಡುತ್ತಾರೆ? ಈ ಕೊನೆಯದು ನಿಜವಾದ ಕಾರಣವಾಗಿತ್ತು.

ಒಂಬತ್ತನೆಯ ದಿನ ಫೋಟೋಗ್ರಾಫರ್ ಫೋನು ಮಾಡಿದ.

"ಅಕ್ಕ, ಹಾಜಿಯವರು ಕಾರು ಮಾರ್ಲಿಕ್ಕೆ ಇಟ್ಟಿದ್ದಾರಂತೆ. ಮೊನ್ನೆ ನೋಡಿದೆ, ಬಸ್ಸಿನಲ್ಲಿ ಹೋಗ್ತಾ ಇದ್ರು."

"ಯಾರು ಹೇಳಿದ್ದು ಮಾರುತ್ತಾರೆಂದು?"

"ಹೋಟೆಲಿನಲ್ಲಿ ಮಾತು. ಅಲ್ಲಿ ಒಬ್ಬ ಕೇಳಿದ, ಹಾಜ್ಯಾರೇ ನೀವು ಗಲ್ಫಲ್ಲಿ ಓಡಿಸಿದ್ದು ಕಾರೋ ಒಂಟೆಯೋ ಅಂತ. ಮೊದಲಾದ್ರೆ ಅವನ ಜನ್ಮ ಜಾಲಾಡ್ತಿದ್ರು. ಈಗ ಇಲ್ಲ ಅಕ್ಕ. ಚಾ ಕುಡಿದು ಎದ್ದು ಹೋದ್ರು. ಕೈಯಲ್ಲಿ ಆ ವಾಚೂ ಇರ್ಲಿಲ್ಲ."

ಇನ್ನೂ ಒಂದು ವಾರ ಕಳೆದೆ. ಸಂಪಾದಕರು ಲೇಖನ ಕೇಳುತ್ತಿದ್ದರು. ಕಳಿಸಲು ತಯಾರಿತ್ತು. 'ಬ್ರೇಕ್ ಎನ್ನುವುದೊಂದು ಇದೆಯೆಂಬುದೇ ಕಾಲಿಗೆ ಮರೆತುಹೋಗುತ್ತದೆ' ಎಂಬ ಸಾಲು ಮೊದಲಲ್ಲೇ ಇತ್ತು. ಹದಿನಾರನೆಯ ದಿನ ಅದನ್ನು ಕಳಿಸಲು ಕೂತೆ. ಆ ಸಾಲು ಓದಿದಾಗ, ಇದನ್ನು ಓದಿ ಯಾರೋ ಒಬ್ಬರು ಚಾರ್ಮಾಡಿ ಘಾಟಿಯ ತುದಿಯಲ್ಲಿ ನೂರು ತುಂಬಿಸಿ ಕಾಲೆತ್ತುತ್ತಾರೆ ಎನಿಸಿತು. ಕಂಪ್ಯೂಟರ್ ಮುಚ್ಚಿ ಸಿದ್ಧಕಟ್ಟೆಯ ಬಸ್ಸು ಹತ್ತಿದೆ.

ಹಾಜಿಯವರ ಮನೆಯ ಮುಂದೆ ಕಾರಿಗೆ ಹೊದಿಕೆ ಹಾಕಿತ್ತು. ಅವರು ಜಗಲಿಯಲ್ಲಿ ಕೂತಿದ್ದರು. ನೀರು ತರಿಸಿದರು, ಚಾ ಆಗ್ತದೆ ಕೂತ್ಕೊಳ್ಳಿ ಎಂದರು. ಚಾ ಬರುವ ಮೊದಲೇ ಹೇಳಿಬಿಟ್ಟೆ. ಆರು ನಲವತ್ತು, ಎಂಬತ್ತು, ನೂರು, ಬೂದು ಗುರುತು, ಪೆನ್ಸಿಲಿನ ಗೆರೆ. ಕೈಪಿಡಿ ತೆರೆದು ತೋರಿಸಿದೆ.

ಅವರು ಬಹಳ ಹೊತ್ತು ಕೈಪಿಡಿಯನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಎಂಬತ್ತು ನಾನು ಇಟ್ಟದ್ದು," ಎಂದರು.

"ಹೌದು."

"ನನ್ನ ಹತ್ರ ಒಂದು ಮಾತು ಕೇಳ್ಲಿಕ್ಕೆ ಎಂತ ಆಗಿತ್ತು?"

ನಾನು ನೀರಿನ ಲೋಟ ಕೆಳಗಿಟ್ಟೆ.

"ಹದಿನಾರು ದಿನ ಮೇಡಂ. ಹದಿನಾರು ದಿನ ನಾನು ಈ ಕಾಲನ್ನು ನೋಡ್ತಾ ಕೂತಿದ್ದೇನೆ. ಡಾಕ್ಟರ ಹತ್ರ ಹೋಗಿ ನರ ಸರಿ ಉಂಟಾ ಅಂತ ತೋರಿಸಿ ಬಂದೆ. ಮೊಮ್ಮಕ್ಕಳನ್ನು ಶಾಲೆಗೆ ಬಿಡುವುದನ್ನು ನಿಲ್ಲಿಸಿದೆ." ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ಆಮೇಲೆ ಅವರು ಕೈಪಿಡಿಯನ್ನು ಮುಚ್ಚಿ ನನ್ನ ಕಡೆ ಸರಿಸಿದರು. "ನೀವು ಒಳ್ಳೆಯವರು. ಮುದುಕನಿಗೆ ಸಮಾಧಾನ ಆಗ್ಲಿ ಅಂತ ಬಂದಿದ್ದೀರಿ. ಇದು ಪುಸ್ತಕದ ಮಾತು. ನನ್ನ ಕಾಲು ಆ ದಿನ ಎಲ್ಲಿತ್ತು ಅಂತ ಪುಸ್ತಕಕ್ಕೆ ಗೊತ್ತುಂಟಾ?"

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಬೈಗುಳಕ್ಕೆ ತಯಾರಾಗಿ ಹೋಗಿದ್ದೆ, ಕ್ಷಮೆಗೂ ಆಸೆಪಟ್ಟಿದ್ದೆ. ನಂಬದೆ ಇರಬಹುದೆಂದು ಹೊಳೆದಿರಲಿಲ್ಲ. ಬಿಸಿ ಚಾ ಕೈಯಲ್ಲಿ ಹಿಡಿದುಕೊಂಡೇ, ಹಾಗಾದರೆ ಅದೇ ದಾರಿಯಲ್ಲಿ ನೋಡುವ ಎಂದೆ. ನೂರರಲ್ಲಿ ಒಮ್ಮೆ, ಎಂಬತ್ತರಲ್ಲಿ ಒಮ್ಮೆ. ನೂರರಲ್ಲಿ ನಾನೇ ಓಡಿಸುತ್ತೇನೆ, ನೀವು ಪಕ್ಕದಲ್ಲಿ ಕೂತು ನನ್ನ ಕಾಲನ್ನು ನೋಡಿ.

ಮೂರು ದಿನದ ನಂತರ ಗುಡ್ಡದ ಮನೆಗೆ ಹೋದೆವು. ಹಿಂದಿನ ಸಂಜೆಯೇ ಫೋಟೋಗ್ರಾಫರ್ ಕಾರನ್ನು ಕೊಂಡೊಯ್ದು ಅದೇ ಪ್ಲಗ್ಗಿನಲ್ಲಿ ನೂರಕ್ಕೆ ಇಟ್ಟಿದ್ದ. ಯಜಮಾನರ ಮುಖ ಚಿಕ್ಕದಾಗಿತ್ತು. "ನನ್ನ ಮರ್ಯಾದೆ ಉಳಿಸ್ಲಿಕ್ಕೆ ಹೋಗಿ ಇಷ್ಟೆಲ್ಲ ಆಯ್ತು," ಎನ್ನುತ್ತ, ನಾವು ಬರುವ ಮೊದಲೇ ಐದೂ ಕಂಬದವರೆಗೆ ಎಲೆ ಗುಡಿಸಿಟ್ಟಿದ್ದರು. ಬೀಡಿಯ ಅಕ್ಕನ ಮನೆಗೂ ಹೋಗಿ ನಾನು ಆರು ನಲವತ್ತರದ್ದನ್ನು ಹೇಳಿದೆ. ಬ್ಯಾಂಡೇಜು ಬಿಚ್ಚಿಯಾಗಿತ್ತು, ಎರಡು ದಿನದಿಂದ ಮತ್ತೆ ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸುತ್ತಲೇ ಕೇಳಿಸಿಕೊಂಡರು.

"ಹಾಗಾದ್ರೆ ಆ ಕಾಕನದ್ದು ತಪ್ಪಿಲ್ಲ," ಎಂದರು.

"ಇಲ್ಲ."

"ಪಾಪ, ವಾರಕ್ಕೆ ಎರಡು ಸಲ ಬಂದು ಅಂಗಳದಲ್ಲಿ ನಿಲ್ತಿದ್ರು. ಒಳಗೆ ಬನ್ನಿ ಅಂದ್ರೂ ಬರುದಿಲ್ಲ." ಕತ್ತರಿ ಕೆಳಗಿಟ್ಟರು. "ಈ ಸಲ ಕೆಳಗೆ ನಾನು ನಿಲ್ತೇನೆ. ನಾನು ಫೋನಿನಲ್ಲಿ ಹೇಳದೆ ಇಳೀಬೇಡಿ. ಆ ಫೋಟೋದವನನ್ನು ನಂಬ್ಲಿಕ್ಕಾಗುದಿಲ್ಲ."

ತಿರುವಿನ ಕೆಳಗೆ ಆಕೆ, ಮೇಲೆ ಯಜಮಾನರು. ಮೊದಲ ಕಂಬದ ಬುಡದಲ್ಲಿ ಸುಣ್ಣದ ಗೆರೆ, ಮೂರನೆಯ ಕಂಬದಲ್ಲಿ ಇನ್ನೊಂದು. ಮೊದಲ ಗೆರೆಯಲ್ಲಿ ಇಪ್ಪತ್ತು ಕಿಲೋಮೀಟರ್ ವೇಗ, ಅಲ್ಲಿ ಕಾಲೆತ್ತಬೇಕು. ಮೂರನೆಯ ಕಂಬದಲ್ಲಿ ವೇಗ ಎಷ್ಟೆಂದು ಹಾಜಿಯವರು ಓದಬೇಕು. ಓದಿದೊಡನೆ ನಾನು ಬ್ರೇಕ್ ಹಾಕಬೇಕು. ಪರದೆಯಲ್ಲಿ ಶೇಕಡಾ ನೂರು ಕಾಣುತ್ತಿತ್ತು. ಬೂದು ಗುರುತೂ ಇತ್ತು. ಹಾಜಿಯವರು ಅದರ ಮೇಲೆ ಬೆರಳಿಟ್ಟು ನೋಡಿದರು.

ಫೋನಿನಲ್ಲಿ ಆಕೆಯ ದನಿ: "ದಾರಿ ಖಾಲಿ ಉಂಟು. ಬನ್ನಿ."

ಸುಣ್ಣದ ಗೆರೆಯಲ್ಲಿ ಕಾಲೆತ್ತಿದೆ. ಎತ್ತಿದ ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ಮಂಡಿ ಮಡಚಿ ಸೀಟಿಗೆ ಒತ್ತಿಕೊಂಡೆ, ಅವರಿಗೆ ಚೆನ್ನಾಗಿ ಕಾಣಲಿ ಎಂದು. ಕಾರು ಹಿಡಿಯಲಿಲ್ಲ. ಎರಡನೆಯ ಕಂಬ ಹೋಯಿತು. ಹಾಜಿಯವರು ರಸ್ತೆ ನೋಡುತ್ತಿರಲಿಲ್ಲ, ನನ್ನ ಕಾಲನ್ನೇ ನೋಡುತ್ತಿದ್ದರು. ಮೂರನೆಯ ಕಂಬದಲ್ಲಿ ಪರದೆಗೆ ಕಣ್ಣು ಹೊರಳಿಸಿ, "ಮೂವತ್ತೇಳು," ಎಂದರು. ಬ್ರೇಕ್ ಒತ್ತಿದೆ. ಗುಡಿಸಿದ ಕಾಂಕ್ರೀಟಿನ ಮೇಲೆ ಕಾರು ನೆಟ್ಟಗೆ ನಿಂತಿತು.

ಹಾಜಿಯವರು ಹೋಗುವ ಎಂದು ಕೈ ಮಾಡಿದರು.

ಬ್ಯಾಟರಿಯನ್ನು ಎಂಬತ್ತಕ್ಕೆ ಇಳಿಸಲು ಮೂಡುಬಿದಿರೆಗೆ ಹೋಗಿ ಬಂದೆವು. ಸಾಲದೆ ಬೆಳ್ತಂಗಡಿ ದಾರಿಯಲ್ಲೂ ಒಂದಷ್ಟು ಓಡಿಸಿದೆ. ಆ ಕಾರನ್ನು ಅಷ್ಟು ಕೆಟ್ಟದಾಗಿ ಯಾರೂ ಓಡಿಸಿರಲಾರರು. ನೆಟ್ಟಗಿನ ದಾರಿಯಲ್ಲೂ ನನ್ನ ಕಾಲು ಬ್ರೇಕಿಗೆ ಹೋಗುತ್ತಿತ್ತು. ಎಪ್ಪತ್ತೊಂಬತ್ತು ತೋರಿಸಿದಾಗ ಗುಡ್ಡ ಹತ್ತಿದೆ. ಬೂದು ಗುರುತು ಅಷ್ಟರಲ್ಲೇ ಮಾಯವಾಗಿತ್ತು. ಅಂಗಳದಲ್ಲಿ ತಿರುಗಿಸಿ ನಿಲ್ಲಿಸಿದಾಗ ಹಾಜಿಯವರು ಇಳಿದು ನನ್ನ ಬದಿಗೆ ಬಂದು ಬಾಗಿಲು ತೆರೆದರು.

"ಇಳೀರಿ," ಎಂದರು.

ಸೀಟು ಹಿಂದೆ ಸರಿಸಿದರು, ಕನ್ನಡಿ ಸರಿಮಾಡಿದರು. ಕೆಳಗಿನಿಂದ ಫೋನಿನಲ್ಲಿ ಬನ್ನಿ ಎಂದ ಮೇಲೆ ಹೊರಟು, ಸುಣ್ಣದ ಗೆರೆಯಲ್ಲಿ ಕಾಲೆತ್ತಿದರು. ಕಾರು ಮುಂದಿನಿಂದ ಯಾರೋ ಎದೆಗೆ ಕೈ ಕೊಟ್ಟ ಹಾಗೆ ಹಿಂಜರಿಯಿತು. ಮೂರನೆಯ ಕಂಬದಲ್ಲಿ ನಾನು ಓದಿದೆ: ಆರು. ನಡೆಯುವ ವೇಗ.

ಅವರು ಕಾರನ್ನು ಅಲ್ಲೇ ನಿಲ್ಲಿಸಿದರು.

"ಪಡಚ್ಚವನೇ, ದೇವರೇ," ಎಂದರು, ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿ, "ಇಪ್ಪತ್ತೆಂಟು ವರ್ಷ ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದವ ನಾನು. ನೀವು ಬೇಡ ಅಂದದ್ದಕ್ಕೆ ತೆಗೆದೆ. ಇನ್ನು ಯಾರು ಹೇಳಿದ್ರೂ ತೆಗೀಲಿಕ್ಕಿಲ್ಲ."

"ತೆಗೆಯಬೇಡಿ."

ಉಳಿದ ದಾರಿಯನ್ನು ಅವರು ಹಾಗೆಯೇ ಇಳಿದರು, ಕಾಲು ಬ್ರೇಕಿನ ಮೇಲೆ ಮೆಲ್ಲಗೆ. ತಿರುವಿಗೆ ಮೊದಲು ಉದ್ದಕ್ಕೆ ಒಂದು ಹಾರ್ನ್ ಹಾಕಿದರು. ಕೆಳಗೆ ಬೀಡಿಯ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಈಗ ಬಂತು ನೋಡಿ ಗಂಟೆ," ಎಂದರು. ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನವರೆಗೆ ಬಿಟ್ಟೆವು. ಇಳಿಯುವಾಗ ಸೀಟು ತಗ್ಗೆಂದು ಬೈದರು.

ಆ ಸಂಜೆ ಹಾಜಿಯವರು ನನ್ನನ್ನು ಮೂಡುಬಿದಿರೆಯಲ್ಲಿ ಇಳಿಸಿ ಹೋದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ. ಹಳೆಯ ಲೇಖನ ಅಳಿಸಿ ಹೊಸದಾಗಿ ಬರೆದೆ. ಓಟ, ಸ್ಟಿಯರಿಂಗು, ಹಂಪು ಎಲ್ಲ ಅರ್ಧ ಪುಟಕ್ಕೆ ಇಳಿಯಿತು, ಉಳಿದದ್ದು ಎಂಬತ್ತು ಮತ್ತು ನೂರರ ಕಥೆ. ತಪ್ಪು ಈ ಲೇಖನ ಬರೆದವಳದ್ದೇ ಎಂದೂ ಸೇರಿಸಿದೆ. ಸಂಪಾದಕರು ಓದಿ, "ಇದು ಗಾಡಿಯ ವಿಮರ್ಶೆಯೋ ನಿಮ್ಮದೋ?" ಎಂದರು. ಎರಡೂ ಎಂದೆ. ಒಂದು ಸಾಲೂ ತೆಗೆಯದೆ ಹಾಕಿದರು. ಅದರಿಂದ ಮನಸ್ಸು ಹಗುರಾಯಿತು ಎಂದೇನೂ ಹೇಳುವುದಿಲ್ಲ. ಮೂರೂವರೆಯ ಎಚ್ಚರ ಆಮೇಲೂ ಕೆಲವು ದಿನ ಇತ್ತು. ಕನಸಿನಲ್ಲಿ ಕೆಲವು ಸಲ ಕಾರು ಹಿಡಿಯುತ್ತಿತ್ತು, ಕೆಲವು ಸಲ ಇಲ್ಲ.

ಲೇಖನ ಬಂದ ವಾರದ ಶನಿವಾರ. ನಾನು ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಕಾಲ ಬಳಿ ಇತ್ತು. ಗಡಿಯಾರ ಒಂಬತ್ತೂ ಕಾಲು. ಕಾಲು ಎಲ್ಲಿಯೂ ಒತ್ತಿರಲಿಲ್ಲ. ಹೊರಗೆ ಬಂದರೆ ಜಗಲಿಯ ಮೇಲೆ ನನ್ನ ಟಿಪ್ಪಣಿ ಪುಸ್ತಕ ಇತ್ತು. ಕಾರಿನಲ್ಲಿ ಬಿಟ್ಟು ಬಂದಿದ್ದೆನೆಂಬುದೇ ನೆನಪಿರಲಿಲ್ಲ.

"ಆ ಹಾಜಿಯವರು ಬಂದಿದ್ರು," ಎಂದರು ಅಮ್ಮ. "ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬಂದದ್ದಂತೆ. ಕೈಯಲ್ಲಿ ದೊಡ್ಡ ವಾಚು. ಗೇಟಿನ ಹತ್ರ ಮೂರು ಸಲ ಹಾರ್ನ್ ಹಾಕಿದ್ರು ಮಾರಾಯ್ತಿ, ಪಕ್ಕದ ಮನೆಯವರೆಲ್ಲ ಹೊರಗೆ ಬಂದ್ರು. ನೀನು ಮಾತ್ರ ಏಳ್ಲಿಲ್ಲ."

"ಎಬ್ಬಿಸಬಾರದಿತ್ತಾ?"

"ಎಬ್ಬಿಸ್ಲಿಕ್ಕೆ ಹೊರಟೆ. ಅವರೇ ಬೇಡ ಅಂದ್ರು. ಮಲಗಲಿ ಅಂದ್ರು."